ಏಳು ಸರ್ಕಾರಿ ಶಾಲೆ, ಒಂದು ಮಂಗಳವಾರ

ಮೇ ತಿಂಗಳ ಒಂದು ಭಾನುವಾರ ನಮ್ಮೂರಿನ ಗ್ರಂಥಾಲಯದ ಮೇಲಿನ ಹಾಲ್‌ನಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಒಂದಿಷ್ಟು ತಿದ್ದಿದ್ದೇನೆ. ಬಾಯಿ ತಪ್ಪಿ ಹೇಳಿದ್ದ ಒಂದೆರಡು ಲೆಕ್ಕ ಸರಿ ಮಾಡಿದ್ದೇನೆ. ಊರಿನ ಹೆಸರು, ಶಾಲೆಯ ಹೆಸರು ಬರೆದಿಲ್ಲ. ಅವತ್ತು ಕೂತಿದ್ದವರಿಗೆ ಯಾವುದು ಯಾವುದೆಂದು ಗೊತ್ತಿತ್ತು. ಮಿಕ್ಕವರು ನಿಮ್ಮ ನಿಮ್ಮ ತಾಲ್ಲೂಕು ಕೇಂದ್ರವನ್ನೇ ನೆನೆಸಿಕೊಳ್ಳಿ, ದೊಡ್ಡ ವ್ಯತ್ಯಾಸವೇನೂ ಇರುವುದಿಲ್ಲ.

ಎಲ್ಲರಿಗೂ ನಮಸ್ಕಾರ. ಈ ಬಿಸಿಲಲ್ಲಿ ಮಹಡಿ ಹತ್ತಿ ಬಂದಿದ್ದೀರಿ, ಫ್ಯಾನು ನೋಡಿದರೆ ಒಂದೇ ತಿರುಗುತ್ತಿದೆ. ಹಾಗಾಗಿ ಸುತ್ತಿ ಬಳಸಿ ಮಾತಾಡುವುದಿಲ್ಲ.

ನನ್ನನ್ನು ಕರೆದವರು ಕೇಳಿದ್ದು ಒಂದೇ ಸಾಲು. "ನಮ್ಮೂರಲ್ಲಿ ಯಾವ ಸರ್ಕಾರಿ ಶಾಲೆ ಚೆನ್ನಾಗಿದೆ ಅಂತ ಹೇಳಿ ಮೇಷ್ಟ್ರೇ." ಜೂನ್ ಹತ್ತಿರ ಬಂತೆಂದರೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲೂ ನನಗೆ ಇದೇ ಪ್ರಶ್ನೆ. ನಾನು ಪ್ರೈಮರಿ ಮೇಷ್ಟ್ರಾಗಿ ಕೆಲಸಕ್ಕೆ ಸೇರಿದವನು. ನಡುವೆ ಐದು ವರ್ಷ ಸಿಆರ್‌ಪಿ, ಅಂದರೆ ಸುತ್ತಲಿನ ಶಾಲೆಗಳ ಮೇಷ್ಟ್ರುಗಳಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿ, ಆಗಿ ಬೈಕಿನಲ್ಲಿ ಶಾಲೆಯಿಂದ ಶಾಲೆಗೆ ಅಲೆದೆ. ಆಮೇಲೆ ಬಡ್ತಿ ಸಿಕ್ಕಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದೆ. ಇಷ್ಟು ತಿರುಗಿದವನಿಗೆ ಉತ್ತರ ಗೊತ್ತಿರಬೇಕು ಅಲ್ವಾ? ಗೊತ್ತಿದೆ ಅಂತ ನಾನೂ ಬಹಳ ವರ್ಷ ಅಂದುಕೊಂಡಿದ್ದೆ.

ಮೊದಲು ನಮ್ಮೂರಲ್ಲಿ ಏನೇನಿದೆ ನೋಡೋಣ. ನೂರು ವರ್ಷ ದಾಟಿದ ಕೋಟೆ ಶಾಲೆ ಇದೆ, ಈಗ ಬೋರ್ಡಿನ ಮೇಲೆ 'ಮಾದರಿ ಹಿರಿಯ ಪ್ರಾಥಮಿಕ ಶಾಲೆ' ಅಂತಿದೆ. ಅದರ ಹಿಂದಿನ ಬೀದಿಯಲ್ಲಿ ಹೆಣ್ಣುಮಕ್ಕಳ ಶಾಲೆ. ಅಲ್ಲಿ ಈಗ ಗಂಡುಮಕ್ಕಳೂ ಓದುತ್ತಾರೆ, ಹೆಸರು ಮಾತ್ರ ಬದಲಾಗಿಲ್ಲ. ಸಂತೆ ಮೈದಾನದ ಪಕ್ಕ ಉರ್ದು ಶಾಲೆ, ಅದಕ್ಕೆ ಈಗ ಹೈಸ್ಕೂಲೂ ಸೇರಿಕೊಂಡಿದೆ. ಹೆದ್ದಾರಿಯಾಚೆ ಒಂದರಿಂದ ಐದರವರೆಗಿನ ಕಾಲೋನಿ ಶಾಲೆ. ನಮ್ಮಪ್ಪನ ಕಾಲದಿಂದ 'ಬೋರ್ಡ್ ಹೈಸ್ಕೂಲು' ಎಂದು ಕರೆಸಿಕೊಂಡು, ಈಗ ಪಿಯು ಕಾಲೇಜಿನ ಪ್ರೌಢಶಾಲಾ ವಿಭಾಗ ಆಗಿರುವುದೊಂದು. ಹೊಸದಾಗಿ ಬಂದ ಕೆಪಿಎಸ್, ಅಂದರೆ ಕರ್ನಾಟಕ ಪಬ್ಲಿಕ್ ಶಾಲೆ. ಊರಾಚೆ ಗುಡ್ಡದ ಕಡೆ ಆದರ್ಶ ವಿದ್ಯಾಲಯ. ಒಟ್ಟು ಏಳು. ಇಪ್ಪತ್ತು ಸಾವಿರ ಜನರ ಊರಿಗೆ ಏಳು ಬೋರ್ಡು, ಎಲ್ಲದರ ಮೇಲೂ 'ಸರ್ಕಾರಿ'. ಜನ ಮಾತ್ರ ಇವುಗಳಲ್ಲಿ ಒಂದನ್ನು ತಲೆ ಮೇಲೆ ಹೊತ್ತುಕೊಂಡು, ಒಂದನ್ನು ಕಂಡರೆ ಮುಖ ತಿರುಗಿಸುತ್ತಾರೆ. ಯಾಕೆ?

ಕಾರಣ ಕೇಳಿದರೆ ಮೊದಲು ಬರುವ ಉತ್ತರ ರಿಸಲ್ಟು. "ಆದರ್ಶದಲ್ಲಿ ಎಲ್ಲರೂ ಪಾಸಂತೆ, ಬೋರ್ಡ್ ಹೈಸ್ಕೂಲಲ್ಲಿ ಅಷ್ಟು ಜನ ಫೇಲಂತೆ." ಸರಿ, ಇದನ್ನೇ ಹಿಡಿದು ನೋಡೋಣ. ನಾನು ಗಣಿತದವನು, ಸ್ವಲ್ಪ ಸಹಿಸಿಕೊಳ್ಳಿ.

ಒಂದು ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸಿಗೆ 120 ಮಕ್ಕಳು ಅಂದುಕೊಳ್ಳಿ. ಒಬ್ಬ ಫೇಲಾದರೆ ಫಲಿತಾಂಶ ಶೇ 1ರಷ್ಟೂ ಇಳಿಯುವುದಿಲ್ಲ. ಇನ್ನೊಂದರಲ್ಲಿ 12 ಮಕ್ಕಳು. ಪರೀಕ್ಷೆ ದಿನ ಒಬ್ಬಳಿಗೆ ಜ್ವರ ಬಂದು ಗಣಿತ ಹೋಯಿತು. ಒಂದೇ ಏಟಿಗೆ ಶೇ 8 ಬಿತ್ತು. ಮಾರನೇ ವರ್ಷ ಅಂಥ ಮಗು ಇರಲಿಲ್ಲ, ಶೇ 100 ಬಂತು. ಪೇಪರಿನವರು 'ಗಮನಾರ್ಹ ಸುಧಾರಣೆ' ಎಂದು ಬರೆದರು. ಅಲ್ಲಿ ಸುಧಾರಿಸಿದ್ದು ಆ ಮಗುವಿನ ಜ್ವರ, ಅಷ್ಟೇ. ಸಣ್ಣ ಶಾಲೆಯ ಶೇಕಡಾ ಲೆಕ್ಕ ಜೋಕಾಲಿಯ ಹಾಗೆ, ಒಂದು ವರ್ಷ ಮೇಲೆ, ಒಂದು ವರ್ಷ ಕೆಳಗೆ. ನೋಡಲೇಬೇಕು ಅಂತಿದ್ದರೆ ಐದು ವರ್ಷದ ಮಕ್ಕಳನ್ನು ಒಟ್ಟಿಗೆ ಸೇರಿಸಿ ನೋಡಿ.

ಇದು ಸಣ್ಣ ವಿಷಯ. ದೊಡ್ಡದು ಬೇರೆ ಇದೆ. ಆದರ್ಶ ವಿದ್ಯಾಲಯಕ್ಕೆ ಮಕ್ಕಳು ಹೇಗೆ ಸೇರುತ್ತಾರೆ? ಆರನೇ ಕ್ಲಾಸಿಗೆ, ಪ್ರವೇಶ ಪರೀಕ್ಷೆ ಬರೆದು. ಮೊರಾರ್ಜಿ ವಸತಿ ಶಾಲೆಗೂ ಆರನೇ ಕ್ಲಾಸಿಗೇ, ಪರೀಕ್ಷೆ ಬರೆದು. ಜಿಲ್ಲೆಗೊಂದು ನವೋದಯ, ಅದಕ್ಕೂ ಹಾಗೆಯೇ. ಐದನೇ ಕ್ಲಾಸಿನಲ್ಲಿ ಚುರುಕಾಗಿರುವ ಮಗುವನ್ನು, ಮನೆಯಲ್ಲಿ ಓದಿಸುವವರು ಇರುವ ಮಗುವನ್ನು, ಕೋಚಿಂಗಿಗೆ ಕಳಿಸುವಷ್ಟು ಕೈಯಲ್ಲಿ ಕಾಸಿರುವವರ ಮಗುವನ್ನು ಈ ಮೂರೂ ಸೇರಿ ಎತ್ತಿಕೊಂಡು ಹೋಗುತ್ತವೆ. ನಾನು ತಪ್ಪು ಅನ್ನುತ್ತಿಲ್ಲ. ಆದರ್ಶದಿಂದ ಹೋದ ಕೂಲಿಕಾರರ ಮಕ್ಕಳು ಇಂಜಿನಿಯರ್ ಆಗಿರುವುದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಹಾಲಿನ ಕೆನೆಯೆಲ್ಲ ಒಂದು ಪಾತ್ರೆಗೆ ತೆಗೆದಿಟ್ಟು, ಆಮೇಲೆ ಉಳಿದ ಪಾತ್ರೆ ನೋಡಿ "ಏನ್ರೀ ಇದು ಇಷ್ಟು ತೆಳ್ಳಗಿದೆ" ಅಂದರೆ ಹೇಗೆ? ಬೋರ್ಡ್ ಹೈಸ್ಕೂಲು ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತದೆ. ಹಳ್ಳಿ ಬಸ್ಸಿನಿಂದ ಇಳಿದು ಹತ್ತೂಕಾಲಿಗೆ ಬರುವವರನ್ನು, ಅಡಿಕೆ ಸುಲಿಯುವ ಕಾಲಕ್ಕೆ ಹದಿನೈದು ದಿನ ಕಾಣೆಯಾಗುವವರನ್ನು, ಎಂಟನೇ ಕ್ಲಾಸಿಗೆ ಬಂದರೂ ಒತ್ತಕ್ಷರ ಬಾರದವರನ್ನು. ಅಲ್ಲಿ ಶೇ 70 ತರಿಸುವ ಮೇಷ್ಟ್ರು, ಆದರ್ಶದಲ್ಲಿ ಶೇ 100 ತರಿಸುವ ಮೇಷ್ಟ್ರಿಗಿಂತ ಜಾಸ್ತಿ ಬೆವರು ಸುರಿಸಿರಬಹುದು.

ಈ ಮಾತಿಗೆ ಪಕ್ಕದ ಆಂಧ್ರದಿಂದ ಒಂದು ಪುರಾವೆ ಕೊಡುತ್ತೇನೆ. 2008ರಲ್ಲಿ, ರಾಜ್ಯ ಇನ್ನೂ ಒಡೆದಿರಲಿಲ್ಲ, ಅಲ್ಲಿನ 180 ಹಳ್ಳಿಗಳಲ್ಲಿ ಒಂದು ಪ್ರಯೋಗ ಶುರುವಾಯಿತು. ಸರ್ಕಾರಿ ಶಾಲೆ ಮಕ್ಕಳಲ್ಲಿ ಯಾರಿಗೆ ಖಾಸಗಿ ಶಾಲೆಯ ಫೀಸು ಕಟ್ಟುವುದು ಅಂತ ಲಾಟರಿ ಎತ್ತಿದರು. ಲಾಟರಿ ಯಾಕೆ? ಜಾಣರು, ಅನುಕೂಲವಂತರು ಎಲ್ಲ ಒಂದೇ ಕಡೆ ಸೇರಿಕೊಳ್ಳಬಾರದು ಅಂತ. ಕಾರ್ತಿಕ್ ಮುರಳೀಧರನ್, ವೆಂಕಟೇಶ್ ಸುಂದರರಾಮನ್ ಎಂಬ ಅರ್ಥಶಾಸ್ತ್ರಜ್ಞರು ನಾಲ್ಕು ವರ್ಷ ಈ ಮಕ್ಕಳ ಬೆನ್ನು ಹತ್ತಿದರು. ಮೇಲಿಂದ ನೋಡಿದರೆ ಖಾಸಗಿ ಶಾಲೆ ಮಕ್ಕಳೇ ಎಷ್ಟೋ ಮುಂದಿದ್ದರು. ಲಾಟರಿ ಮಕ್ಕಳನ್ನು ಹೋಲಿಸಿದಾಗ ತೆಲುಗು, ಗಣಿತ ಎರಡರಲ್ಲೂ ವ್ಯತ್ಯಾಸವೇ ಸಿಗಲಿಲ್ಲ. ಹಿಂದಿಯಲ್ಲಿ ಮಾತ್ರ ಖಾಸಗಿಯವರು ಚೆನ್ನಾಗಿ ಮುಂದೆ. ಸರ್ಕಾರಿ ಪ್ರೈಮರಿಯಲ್ಲಿ ಹಿಂದಿ ಕಲಿಸುತ್ತಲೇ ಇರಲಿಲ್ಲವಲ್ಲ! ನ್ಯಾಯವಾಗಿ ಇನ್ನೊಂದು ಅರ್ಧವನ್ನೂ ಹೇಳಬೇಕು. ಆ ಖಾಸಗಿ ಶಾಲೆಗಳು ಒಂದು ಮಗುವಿಗೆ ಮಾಡುತ್ತಿದ್ದ ಖರ್ಚು ಸರ್ಕಾರಿ ಶಾಲೆಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ನಮ್ಮಂಥ ಸಂಬಳದ ಮೇಷ್ಟ್ರುಗಳಿಗೆ ಇದು ಅಷ್ಟು ಹಿತವಾದ ಸುದ್ದಿಯಲ್ಲ.

ಸರ್ಕಾರಿ ಶಾಲೆಗೂ ಸರ್ಕಾರಿ ಶಾಲೆಗೂ ನಡುವೆಯೂ ಇದೇ ಕಥೆ. ನಾವು ಶಾಲೆ ಹೋಲಿಸುತ್ತಿದ್ದೇವೆ ಅಂದುಕೊಳ್ಳುತ್ತೇವೆ. ಬಹಳ ಸಲ ಹೋಲಿಸುತ್ತಿರುವುದು ಅಲ್ಲಿಗೆ ಬಂದ ಮಕ್ಕಳ ಮನೆಗಳನ್ನು.

ಇನ್ನೊಂದು ಮಾತು ಹೇಳಬೇಕೋ ಬೇಡವೋ ಅಂತ ರಾತ್ರಿ ಯೋಚಿಸುತ್ತಿದ್ದೆ. ಹೇಳಿಬಿಡುತ್ತೇನೆ. ನಾನಿದ್ದ ಒಂದು ಹೈಸ್ಕೂಲಿಗೆ ಒಂದು ವರ್ಷ ಶೇ 100 ಬಂತು. ಈ ಊರಲ್ಲಲ್ಲ. ಹೇಗೆ ಬಂತು ಅಂತ ನನಗೆ ಗೊತ್ತು. ಒಂಬತ್ತನೇ ಕ್ಲಾಸಿನ ಕೊನೆಯಲ್ಲಿ ಏಳು ಹುಡುಗರ ಅಪ್ಪ ಅಮ್ಮಂದಿರನ್ನು ಕರೆಸಿದೆವು. "ನಿಮ್ಮ ಹುಡುಗ ಇಲ್ಲಿ ಆಗಲ್ಲ, ಟಿಸಿ ತಗೊಂಡು ಹೋಗಿ, ಆಮೇಲೆ ಖಾಸಗಿಯಾಗಿ ಪರೀಕ್ಷೆ ಕಟ್ಟಿಸಿ" ಅಂದೆವು. ಮೆತ್ತಗೆ, ನಯವಾಗಿಯೇ ಅಂದೆವು. ಅವರು ಕೈಮುಗಿದು ಹೋದರು. ಆ ವರ್ಷ ನಮ್ಮ ಫೋಟೊ ಪೇಪರಿನಲ್ಲಿ ಬಂತು, ಎರಡನೇ ಸಾಲಿನಲ್ಲಿ ನಾನೂ ಇದ್ದೇನೆ. ಆ ಏಳರಲ್ಲಿ ಒಬ್ಬ ಈಗ ಬೈಪಾಸಿನಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ಹೋದರೆ "ಬನ್ನಿ ಸಾ" ಅಂತ ಗಾಳಿ ತುಂಬಿ ಕೊಡುತ್ತಾನೆ. ದುಡ್ಡು ತಗೊಳ್ಳುವುದಿಲ್ಲ. ಅದೇ ಕಷ್ಟ.

ಹಾಗಾಗಿ ಯಾರಾದರೂ ಶೇ 100 ಅಂದರೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಎಂಟನೇ ಕ್ಲಾಸಿಗೆ ಎಷ್ಟು ಜನ ಸೇರಿದ್ದರು, ಅವರಲ್ಲಿ ಎಷ್ಟು ಜನ ಹತ್ತರ ಪರೀಕ್ಷೆಗೆ ಕೂತರು? ಲೆಕ್ಕ ಗುಟ್ಟೇನಲ್ಲ. ಯುಡೈಸ್ ಅಂತ ಸರ್ಕಾರದ ಶಾಲಾ ಮಾಹಿತಿ ವ್ಯವಸ್ಥೆ ಇದೆ, ಅದರಲ್ಲಿ ಪ್ರತಿ ಶಾಲೆಗೂ 11 ಅಂಕಿಯ ಸಂಖ್ಯೆ. ಅದನ್ನು ಹಾಕಿದರೆ ಆ ಶಾಲೆಯಲ್ಲಿ ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು, ಶೌಚಾಲಯ ಎಷ್ಟು ಅನ್ನುವುದು ಮೊಬೈಲಿನಲ್ಲೇ ಸಿಗುತ್ತದೆ. ಯುಡೈಸ್‌ನಲ್ಲಿ 'ಶೌಚಾಲಯ ಇದೆ' ಅಂತಿದ್ದರೆ ಅದಕ್ಕೆ ಬೀಗ ಹಾಕಿಲ್ಲ ಅಂತ ಅರ್ಥವಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ರಿಸಲ್ಟಿನ ಬಗ್ಗೆ ಕೊನೆಯದಾಗಿ ಒಂದು. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಬಂತು. ಕೋಣೆ ಕೋಣೆಗೆ ಕ್ಯಾಮೆರಾ. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಬಂತು. ಅದೂ ಕೃಪಾಂಕವನ್ನು ಎಂದಿಗಿಂತ ಜಾಸ್ತಿ ಕೊಟ್ಟ ಮೇಲೆ. ಒಂದೇ ವರ್ಷದಲ್ಲಿ ರಾಜ್ಯದ ಮೇಷ್ಟ್ರುಗಳೆಲ್ಲ ಪಾಠ ಮರೆತರು ಅಂತ ಯಾರೂ ಹೇಳಲಾರರು. ಮಿಕ್ಕಿದ್ದು ನೀವೇ ಊಹಿಸಿ.

ಈಗ ಪ್ರೈಮರಿಗೆ ಬರೋಣ. ಅಲ್ಲಿ ರಿಸಲ್ಟು ಇಲ್ಲ, ಹಾಗಾಗಿ ಜನ ಕಟ್ಟಡ ನೋಡುತ್ತಾರೆ. ಕೋಟೆ ಶಾಲೆಗೆ ಶತಮಾನೋತ್ಸವ ಮಾಡಿದೆವಲ್ಲ, ಹಳೇ ವಿದ್ಯಾರ್ಥಿಗಳು ದುಡ್ಡು ಹಾಕಿ ಏನು ಕಟ್ಟಿಸಿದರು? ಕಮಾನು. ದೊಡ್ಡ ಕಮಾನು, ಮೇಲೆ ಸರಸ್ವತಿ, ಕೆಳಗೆ ದಾನಿಗಳ ಹೆಸರು. ಅದರ ಅಡಿಯಲ್ಲಿ ಹಾದು ಒಳಗೆ ಹೋದರೆ ಐದನೇ ಕ್ಲಾಸಿನ ಹೆಂಚು ಸೋರುತ್ತಿತ್ತು. ನಾನೂ ಐದು ಸಾವಿರ ಕೊಟ್ಟಿದ್ದೆ, ಹೆಸರು ಕಂಬದ ಹಿಂಬದಿಯಲ್ಲಿದೆ.

ಕಟ್ಟಡ ಬಿಟ್ಟು ಸ್ವಲ್ಪ ಓದಿಕೊಂಡವರು ಇನ್ನೊಂದು ಲೆಕ್ಕ ಕೇಳುತ್ತಾರೆ. ಒಬ್ಬ ಮೇಷ್ಟ್ರಿಗೆ ಎಷ್ಟು ಮಕ್ಕಳು? ಒಳ್ಳೆಯ ಪ್ರಶ್ನೆ. ಆದರೆ ಇದೂ ಮೋಸ ಮಾಡುತ್ತದೆ. ಕಾಲೋನಿ ಶಾಲೆಯಲ್ಲಿ 22 ಮಕ್ಕಳು, ಇಬ್ಬರು ಶಿಕ್ಷಕರು. ತಲಾ 11. ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಫೀಸು ತಗೊಳ್ಳುವವರೂ ಇಷ್ಟು ಕೊಡಲಾರರು! ಕೆಪಿಎಸ್‌ನಲ್ಲಿ ಒಬ್ಬರಿಗೆ 35, ಕೆಲವು ಸಲ 40. ಕಾಗದದ ಮೇಲೆ ಕಾಲೋನಿ ಶಾಲೆಯೇ ಸ್ವರ್ಗ. ಈಗ ಒಳಗೆ ಹೋಗಿ. 22 ಮಕ್ಕಳು ಐದು ಕ್ಲಾಸಿಗೆ ಹಂಚಿಹೋಗಿದ್ದಾರೆ. ಇಬ್ಬರು ಶಿಕ್ಷಕರು ಐದು ಕ್ಲಾಸು ನೋಡಬೇಕು. ಅವರಲ್ಲಿ ಒಬ್ಬರು ಮುಖ್ಯ ಶಿಕ್ಷಕಿ. ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಮೊಟ್ಟೆ ಲೆಕ್ಕ, ಮಕ್ಕಳ ವಿವರವನ್ನು ಎಸ್‌ಎಟಿಎಸ್ ಎಂಬ ಆನ್‌ಲೈನ್ ದಾಖಲೆಗೆ ಹಾಕುವುದು, ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಆಫೀಸಿಗೆ ಓಡುವುದು, ಎಲ್ಲ ಅವರ ತಲೆಗೆ. ಚುನಾವಣೆ ಬಂದರೆ ಇನ್ನೊಬ್ಬರು ಬಿಎಲ್ಒ, ಅಂದರೆ ಮತಗಟ್ಟೆ ಅಧಿಕಾರಿ, ಆಗಿ ಮತದಾರರ ಪಟ್ಟಿ ಹಿಡಿದು ಮನೆ ಮನೆ ಅಲೆಯುತ್ತಾರೆ. ಆಗ ಐದು ಕ್ಲಾಸಿಗೆ ಒಬ್ಬರು. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಕಾನೂನು ಪಾಲನೆಯಾಗಿದೆ. ಪಾಠ ಆಗುತ್ತಿದೆಯಾ?

ಅದಕ್ಕೇ ನಾನು ಹೇಳುವುದು, ಮಕ್ಕಳನ್ನು ಮೇಷ್ಟ್ರಿಂದ ಭಾಗಿಸಬೇಡಿ. ಕ್ಲಾಸನ್ನು ಮೇಷ್ಟ್ರಿಂದ ಭಾಗಿಸಿ.

ಆದರೆ ಕಾಲೋನಿ ಶಾಲೆಯನ್ನು ಇಲ್ಲಿಗೇ ಬಿಟ್ಟು ಹೋದರೆ ಅನ್ಯಾಯ ಮಾಡಿದಂತೆ. ಬೇರೆ ಬೇರೆ ಕ್ಲಾಸಿನ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವ ದಾರಿ ನಮ್ಮಲ್ಲೇ ಹುಟ್ಟಿದೆ. ನಲಿ ಕಲಿ. ತೊಂಬತ್ತರ ದಶಕದ ನಡುವೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಕೊಂಡು ಬಂದು ಶುರು ಮಾಡಿದ್ದು. 2009ರ ಹೊತ್ತಿಗೆ ರಾಜ್ಯಕ್ಕೆಲ್ಲ ಬಂತು. ಗೋಡೆ ಮೇಲೆ ಕಲಿಕಾ ಏಣಿ, ಟ್ರೇಗಳಲ್ಲಿ ಕಾರ್ಡು. ಪ್ರತಿ ಮಗು ತನ್ನ ಮೆಟ್ಟಿಲು ತಾನೇ ಹುಡುಕಿಕೊಂಡು ಹತ್ತುತ್ತದೆ. ರಜೆ ಹಾಕಿ ಬಂದ ಮಗು ಬಿಟ್ಟ ಕಡೆಯಿಂದಲೇ ಶುರು ಮಾಡಬಹುದು. ಚೆನ್ನಾಗಿ ನಡೆಸುವ ಮೇಡಂ ಸಿಕ್ಕಿದರೆ ಇದಕ್ಕಿಂತ ಒಳ್ಳೆಯದು ಇಲ್ಲ. ಸಿಆರ್‌ಪಿ ಆಗಿದ್ದಾಗ ಅಂಥ ಎರಡು ಕೋಣೆ ನೋಡಿದ್ದೇನೆ, ಎರಡೂ ಸಣ್ಣ ಶಾಲೆಗಳೇ. ಕಾರ್ಡುಗಳು ಬೀರುವಿನಲ್ಲಿ ಪ್ಲಾಸ್ಟಿಕ್ ಕವರಿನ ಸಮೇತ ಭದ್ರವಾಗಿದ್ದ ಶಾಲೆಗಳನ್ನೂ ನೋಡಿದ್ದೇನೆ. ಅವು ಎಷ್ಟು ಅಂತ ಎಣಿಸಲಿಲ್ಲ.

ಇಂಗ್ಲಿಷ್ ಮೀಡಿಯಂ. ಇದನ್ನು ಕೇಳಲೆಂದೇ ಅರ್ಧ ಜನ ಬಂದಿದ್ದೀರಿ ಅಂತ ಗೊತ್ತು. ಮಾಧ್ಯಮ ಯಾವುದಿರಬೇಕು ಅಂತ ಸರ್ಕಾರ ಒತ್ತಾಯ ಮಾಡುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2019ರಲ್ಲಿ ಸರ್ಕಾರವೇ ತನ್ನ 1000 ಶಾಲೆಗಳಲ್ಲಿ ಒಂದನೇ ಕ್ಲಾಸಿಗೆ ಇಂಗ್ಲಿಷ್ ಮಾಧ್ಯಮ ತೆರೆಯಿತು. ನಮ್ಮೂರಲ್ಲಿ ಕೆಪಿಎಸ್‌ಗೆ ಸಿಕ್ಕಿತು. ಕೆಪಿಎಸ್‌ಗೆ ಸೀಟಿಗಾಗಿ ಮುಂಜಾನೆ ಕ್ಯೂ ನಿಲ್ಲುತ್ತೀರಲ್ಲ, ಅದಕ್ಕೆ ಇದೇ ಮುಖ್ಯ ಕಾರಣ. ಜತೆಗೆ ಎಲ್‌ಕೆಜಿಯಿಂದ ಪಿಯುವರೆಗೆ ಒಂದೇ ಗೇಟು.

ಅಲ್ಲಿ ಗಣಿತ, ಪರಿಸರ ಪುಸ್ತಕ ದ್ವಿಭಾಷೆಯಲ್ಲಿವೆ. ಒಂದು ಪುಟ ಇಂಗ್ಲಿಷು, ಎದುರಿಗೆ ಕನ್ನಡ. ನನಗೆ ಈ ಪುಸ್ತಕ ಇಷ್ಟ. ಮೇಡಂ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಾರೆ. ಕೆಲವರು ನಗುತ್ತಾರೆ, ನಾನು ನಗುವುದಿಲ್ಲ. ಅರ್ಥ ಆಗದೆ ಬಾಯಿಪಾಠ ಮಾಡುವುದಕ್ಕಿಂತ ಇದು ಸಾವಿರ ಪಾಲು ವಾಸಿ. ತೊಂದರೆ ಎಲ್ಲಿ ಅಂದರೆ, ಕಲಿಸುವವರು ಅದೇ ಮೇಷ್ಟ್ರುಗಳು. ಕನ್ನಡದಲ್ಲಿ ಓದಿ, ಕನ್ನಡದಲ್ಲಿ ಕಲಿಸಿ ಬಂದವರು. ಬೋರ್ಡು ಬದಲಾದ ದಿನವೇ ನಾಲಿಗೆ ಬದಲಾಗುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸುವ ಮೇಡಂ ಇರುವ ಕನ್ನಡ ಮೀಡಿಯಂ ಶಾಲೆಗೆ ನನ್ನ ಮೊಮ್ಮಗಳನ್ನು ಕಳಿಸುತ್ತೇನೆ. ಸೊಸೆ ಒಪ್ಪುವುದಿಲ್ಲ, ಅದು ಬೇರೆ. ಮನೆಯಲ್ಲೇ ಗೆಲ್ಲಲಾಗದ ವಾದವನ್ನು ಇಲ್ಲಿ ಗೆಲ್ಲಲು ನೋಡುವುದಿಲ್ಲ.

ಊಟ, ಪುಸ್ತಕ, ಯೂನಿಫಾರ್ಮು, ಶೂ, ಹಾಲು ಏಳೂ ಶಾಲೆಗೆ ಒಂದೇ. ಹಾಲು 2013ರಲ್ಲಿ ಬಂತು. ಮೊಟ್ಟೆ 2024ರಿಂದ ವಾರಕ್ಕೆ ಆರು ದಿನ, ಎರಡು ದಿನದ್ದು ಸರ್ಕಾರದ್ದು, ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಷನ್‌ನದು. ತಿನ್ನದವರಿಗೆ ಬಾಳೆಹಣ್ಣು ಇಲ್ಲವೇ ಚಿಕ್ಕಿ. ಇವನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ. ಊಟದ ಹೊತ್ತಿಗೆ ಹೋಗಿ ನೋಡಿ, ಮೇಷ್ಟ್ರುಗಳು ಮಕ್ಕಳ ಊಟವನ್ನೇ ಮಾಡುತ್ತಿದ್ದಾರಾ, ಇಲ್ಲ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚುತ್ತಿದ್ದಾರಾ. ಸಾರಿನ ರುಚಿ ಅಲ್ಲೇ ತಿಳಿಯುತ್ತದೆ.

ಹಾಗಾದರೆ ಹೇಗೆ ನೋಡಬೇಕು? ಪ್ರಾರಂಭೋತ್ಸವದ ದಿನ ಹೋಗಬೇಡಿ. ಅವತ್ತು ತಳಿರು ತೋರಣ, ಪಾಯಸ, ಎಲ್ಲರೂ ಹಾಜರು. ಆಗಸ್ಟ್ 15ಕ್ಕೂ ಬೇಡ. ಒಂದು ಸಾದಾ ಮಂಗಳವಾರ, ಬೆಳಿಗ್ಗೆ ಹತ್ತೂವರೆಗೆ ಹೋಗಿ. ಸೋಮವಾರ ಯಾಕೆ ಬೇಡ ಅಂದರೆ, ಸೋಮವಾರ ಎಲ್ಲ ಶಾಲೆಯೂ ಸ್ವಲ್ಪ ಸೋಮಾರಿ.

ಕಪ್ಪು ಹಲಗೆಯ ಮೂಲೆ ನೋಡಿ. ದಾಖಲಾತಿ ಇಷ್ಟು, ಹಾಜರಾತಿ ಇಷ್ಟು ಅಂತ ಬರೆದಿರುತ್ತಾರೆ. ಕೂತಿರುವ ತಲೆ ಎಣಿಸಿ. ಹಲಗೆಯ ದಿನಾಂಕ ಇವತ್ತಿನದಾ? ಮುಖ್ಯ ಶಿಕ್ಷಕರ ಮೇಜಿನ ಮೇಲೆ ಚಲನವಲನ ವಹಿ ಇರುತ್ತದೆ. ಯಾವ ಮೇಷ್ಟ್ರು ಯಾವ ಕೆಲಸಕ್ಕೆ ಎಷ್ಟು ಹೊತ್ತಿಗೆ ಆಚೆ ಹೋದರು ಅನ್ನುವುದು ಅದರಲ್ಲಿ ಬರಬೇಕು. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸದಸ್ಯರಾದರೆ ಕೇಳಿ ನೋಡಬಹುದು. ಆ ಸಮಿತಿ ಇರುವುದೇ ಅದಕ್ಕೆ, ಬರೀ ಧ್ವಜಾರೋಹಣಕ್ಕೆ ಲಾಡು ಹಂಚುವುದಕ್ಕಲ್ಲ. ನಾನು ಹೆಚ್ಚಿಗೆ ಗಮನಿಸುತ್ತಿದ್ದದ್ದು ತಿಂಗಳಿಗೆ ಎಷ್ಟು ದಿನ ಆ ಪುಸ್ತಕದಲ್ಲಿ ಒಂದೇ ಹೆಸರು ಬರುತ್ತದೆ ಅಂತ.

ನೋಟ್‌ಬುಕ್ ಕೇಳಿ. ಕೆಂಪು ಶಾಯಿಯ 'ರೈಟ್' ಪುಟ ಪುಟಕ್ಕೂ ಇದ್ದರೆ ಖುಷಿಪಡಬೇಡಿ. ಒಳಗೆ ತಪ್ಪಿದ್ದರೂ ಮೇಲೆ ರೈಟ್ ಬಿದ್ದಿದೆಯಾ ನೋಡಿ. ತಪ್ಪಿಗೆ ಗೆರೆ ಎಳೆದು, ಮಗು ಕೆಳಗೆ ಮತ್ತೆ ಬರೆದಿದ್ದರೆ ಅಲ್ಲಿ ಪಾಠ ನಡೆಯುತ್ತಿದೆ.

ಆಮೇಲೆ ಮೂರನೇ ಕ್ಲಾಸಿನ ಒಂದು ಮಗುವನ್ನು, ಮೇಡಂ ಕರೆದದ್ದಲ್ಲ, ಹಿಂದಿನ ಸಾಲಿನದು, ಹತ್ತಿರ ಕೂರಿಸಿಕೊಂಡು ಎರಡನೇ ಕ್ಲಾಸಿನ ಕನ್ನಡ ಪುಸ್ತಕದಿಂದ ಒಂದು ಕಥೆ ಓದಿಸಿ. ನಾಲ್ಕು ಸಾಲು ಸಾಕು. ಪ್ರಥಮ್ ಸಂಸ್ಥೆಯವರು 2005ರಿಂದ ಅಸರ್ ಸಮೀಕ್ಷೆಯಲ್ಲಿ ಮಾಡುವುದು ಹೆಚ್ಚೂಕಡಿಮೆ ಇದನ್ನೇ. ಅಕ್ಷರ, ಪದ, ಪ್ಯಾರಾ, ಕಥೆ, ಮಗು ಎಲ್ಲಿಗೆ ನಿಲ್ಲುತ್ತದೆ ಅಂತ ಮನೆಗೇ ಹೋಗಿ ಓದಿಸುತ್ತಾರೆ. ಅವರದು ಹಳ್ಳಿಗಳ ಸಮೀಕ್ಷೆ, ನಮ್ಮಂಥ ಪಟ್ಟಣಕ್ಕೆ ಬರುವುದಿಲ್ಲ. ಹಾಗಾಗಿ ನಮ್ಮೂರಿನ ಸಮೀಕ್ಷೆ ನಾವೇ ಮಾಡಿಕೊಳ್ಳಬೇಕು. ಮಗು ತೊದಲಿದರೆ ಗದರಬೇಡಿ. ನೀವು ಪರೀಕ್ಷೆ ಮಾಡುತ್ತಿರುವುದು ಮಗುವನ್ನಲ್ಲ.

ಶೌಚಾಲಯಕ್ಕೆ ಬೀಗ ಇದೆಯಾ, ಕೀ ಯಾರ ಹತ್ತಿರ? ಕೀ ಮೇಷ್ಟ್ರ ಜೇಬಿನಲ್ಲಿದ್ದರೆ ಏಳನೇ ಕ್ಲಾಸಿನ ಹುಡುಗಿ ಕೇಳಲು ಹೋಗುವುದಿಲ್ಲ, ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಇಷ್ಟನ್ನು ನೀವು ಗಂಡಸರು ಮನೆಯಲ್ಲಿ ಹೆಂಗಸರನ್ನು ಕೇಳಿದರೂ ಗೊತ್ತಾಗುತ್ತದೆ.

ಹೈಸ್ಕೂಲಾದರೆ ಒಂದೇ ಮಾತು ಕೇಳಿ. "ಪಿಸಿಎಂ ಪೋಸ್ಟು ತುಂಬಿದೆಯಾ?" ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಮೇಷ್ಟ್ರನ್ನು ನಮ್ಮಲ್ಲಿ ಪಿಸಿಎಂ ಅಂತಾರೆ. ಆ ಜಾಗ ಖಾಲಿ ಇದ್ದು, ಅತಿಥಿ ಶಿಕ್ಷಕರು ಬರುವುದು ತಡವಾದರೆ ಗಣಿತದಲ್ಲಿ ಒಂದು ಸೆಮಿಸ್ಟರ್ ಹೋಯಿತು ಅಂತಲೇ ಲೆಕ್ಕ. ಆಮೇಲೆ ಎಷ್ಟು ಸ್ಪೆಷಲ್ ಕ್ಲಾಸ್ ಮಾಡಿದರೂ ತ್ರಿಕೋನಮಿತಿ ತಲೆಗೆ ಹತ್ತುವುದಿಲ್ಲ. ಒಂದೇ ಶಾಲೆ ಒಂದು ವರ್ಷ ಚೆನ್ನಾಗಿದ್ದು ಮಾರನೇ ವರ್ಷ ಬೀಳುವುದು ಬಹಳ ಸಲ ಒಂದು ವರ್ಗಾವಣೆಯ ಕೌನ್ಸೆಲಿಂಗಿನಿಂದ. ನೀವು 'ಶಾಲೆ' ಅನ್ನುತ್ತಿರುವುದು ಕೆಲವು ಸಲ ಒಬ್ಬ ಮೇಡಂ. ಅವರು ಬೇರೆ ಊರಿಗೆ ಹೋದರೆ ಶಾಲೆ ಕಮಾನಿನ ಸಮೇತ ಇಲ್ಲೇ ಉಳಿಯುತ್ತದೆ, ಒಳಗಿನದು ಹೋಗಿರುತ್ತದೆ.

ಇಲ್ಲಿಗೆ ನಿಲ್ಲಿಸಿ ಪ್ರಶ್ನೆಗೆ ಬಿಟ್ಟೆ.

ಕಾಲೋನಿ ಶಾಲೆಯ ಎಸ್‌ಡಿಎಂಸಿಯವರೊಬ್ಬರು ಎದ್ದು ನಿಂತರು. "ಮೇಷ್ಟ್ರೇ, ಹಂಗಾದ್ರೆ ನಮ್ ಶಾಲೆ ಮುಚ್ಚಿ ಕೆಪಿಎಸ್‌ಗೆ ಸೇರಿಸೋದೇ ವಾಸಿ ಅಂತೀರಾ? ಕ್ಲಾಸಿಗೊಬ್ಬರು ಟೀಚರ್ ಸಿಗ್ತಾರೆ."

ಕಷ್ಟದ ಪ್ರಶ್ನೆ. ನಾನು ಹೇಳಿದ್ದು ಇಷ್ಟು. ಒಂದರಿಂದ ಐದರ ಮಕ್ಕಳಿಗೆ ಒಂದು ಕಿಲೋಮೀಟರಿನೊಳಗೆ ಶಾಲೆ ಇರಬೇಕು ಅಂತ ಆರ್‌ಟಿಇ ನಿಯಮ ಹೇಳುತ್ತದೆ. ನಕ್ಷೆಯಲ್ಲಿ ಅಳೆದರೆ ಕೆಪಿಎಸ್ ಅದರೊಳಗೇ ಇರಬಹುದು. ನಕ್ಷೆಯಲ್ಲಿ ಮರಳು ಲಾರಿ ಕಾಣುವುದಿಲ್ಲ. ಆರು ವರ್ಷದ ಮಗು ಹೆದ್ದಾರಿ ದಾಟಬೇಕು. ಆಟೊಗೆ ತಿಂಗಳಿಗೆ ದುಡ್ಡು ಕೊಡಬಲ್ಲವರ ಮಕ್ಕಳು ಹೋಗುತ್ತಾರೆ. ಮಿಕ್ಕವರು ಮಳೆ ಬಂದ ದಿನ ಮನೆಯಲ್ಲಿ, ಅಮ್ಮನಿಗೆ ಹುಷಾರಿಲ್ಲದ ದಿನ ಮನೆಯಲ್ಲಿ, ಆಮೇಲೆ ಸುಮ್ನೆ ಮನೆಯಲ್ಲಿ. ನಿಮ್ಮ ಶಾಲೆಯಲ್ಲಿ ಈಗ 22 ಇರುವುದು ಯಾಕೆ? ನಾನು ಸಿಆರ್‌ಪಿ ಆಗಿದ್ದಾಗ 70 ಚಿಲ್ಲರೆ ಇದ್ದರು. ಒಬ್ಬರು ಬಿಡಿಸಿದರು, ಅವರನ್ನು ನೋಡಿ ಇನ್ನೊಬ್ಬರು ಬಿಡಿಸಿದರು. ಮಕ್ಕಳು ಕಡಿಮೆಯಾದರು ಅಂತ ಒಂದು ಪೋಸ್ಟು ಹೋಯಿತು. ಟೀಚರ್ ಕಡಿಮೆಯಾದರು ಅಂತ ಇನ್ನಷ್ಟು ಜನ ಬಿಡಿಸಿದರು. ಹೀಗೆ ಹೋಲಿಸಿ ಹೋಲಿಸಿಯೇ ಆ ಶಾಲೆಯನ್ನು ನಾವು ಬಡವಾಗಿಸಿದ್ದು. ಮುಚ್ಚುವುದೇ ಆದರೆ ಮೊದಲು ವ್ಯಾನು ಬರಲಿ, ಆಮೇಲೆ ಬೀಗ. ನಮ್ಮಲ್ಲಿ ಬೀಗ ಬೇಗ ಬರುತ್ತದೆ.

ಅವರು ತಲೆ ಆಡಿಸಿದರು. ಅವರ ಮಗನೇ ಕೆಪಿಎಸ್‌ನಲ್ಲಿ ಓದುತ್ತಿದ್ದಾನೆ ಅಂತ ಪಕ್ಕದವರು ಆಮೇಲೆ ಹೇಳಿದರು. ನನಗೆ ಆಶ್ಚರ್ಯವಾಗಲಿಲ್ಲ. ನನ್ನ ಮಕ್ಕಳಿಬ್ಬರೂ ಓದಿದ್ದು ಖಾಸಗಿ ಶಾಲೆಯಲ್ಲಿ.

ಕೊನೆಗೆ, ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ, ಒಬ್ಬ ತಾಯಿ ಬಂದರು. ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ಮಗಳಿಗೆ ಆರು ತುಂಬಿದೆ. "ಅದೆಲ್ಲ ಸರಿ ಸಾರ್. ನಾನು ಎಲ್ಲಿಗೆ ಸೇರಿಸ್ಲಿ?"

"ಮನೆ ಎಲ್ಲಮ್ಮ?"

"ಸಂತೆ ಮೈದಾನದ ಹಿಂದೆ. ಕಾಲೋನಿ ಶಾಲೆ ಹತ್ರ ನಮ್ಮಮ್ಮನ ಮನೆ."

ನಿಮ್ಮ ಫ್ಯಾಕ್ಟರಿ ಬಸ್ಸು ಎಷ್ಟು ಹೊತ್ತಿಗೆ, ಸಂಜೆ ಮಗು ಯಾರ ಹತ್ತಿರ ಇರುತ್ತದೆ ಅಂತ ಕೇಳಿದೆ. ಎಂಟಕ್ಕೆ ಬಸ್ಸು, ಸಂಜೆ ಅಜ್ಜಿ. ಶಾಲೆ ಶುರುವಾದ ಮೇಲೆ ಒಂದು ಮಂಗಳವಾರ ರಜೆ ಹಾಕಿ, ನಾನೂ ಬರುತ್ತೇನೆ ಅಂದೆ. ರಜೆ ಹಾಕಿದರೆ ಸಂಬಳ ಹಿಡಿಯುತ್ತಾರೆ ಅಂದರು. ನನಗೆ ಅದು ಹೊಳೆದಿರಲಿಲ್ಲ. ಕೊನೆಗೆ ಅವರ ಅಮ್ಮ ಬರುವುದು ಅಂತಾಯಿತು.

ಜೂನ್ ಎರಡನೇ ವಾರ ಅಜ್ಜಿ, ಮೊಮ್ಮಗಳು, ನಾನು ಹೋದೆವು. ಮೊದಲು ಕಾಲೋನಿ ಶಾಲೆ. ಹಲಗೆ ಮೇಲೆ ದಾಖಲಾತಿ 24, ಹಾಜರಾತಿ 21. ಎಣಿಸಿದೆ, 21 ಇದ್ದರು. ಮುಖ್ಯ ಶಿಕ್ಷಕಿ ಬಿಇಒ ಆಫೀಸಿಗೆ ಹೋಗಿದ್ದರು, ವಹಿಯಲ್ಲಿ ಬರೆದಿತ್ತು. ಇನ್ನೊಬ್ಬ ಮೇಡಂ ಒಂದೇ ಕೋಣೆಯಲ್ಲಿ ಐದೂ ಕ್ಲಾಸು ಕೂರಿಸಿಕೊಂಡು, ನಲಿ ಕಲಿ ಟ್ರೇಗಳನ್ನು ನೆಲಕ್ಕೆ ಹಾಕಿದ್ದರು. ಹಿಂದಿನ ಸಾಲಿನ ಒಬ್ಬ ಹುಡುಗನನ್ನು ಓದಿಸಿದೆ. ಓದಿದ, ನಿಧಾನವಾಗಿ, ಬೆರಳಿಟ್ಟುಕೊಂಡು, ಎರಡು ಕಡೆ ತಡವರಿಸಿ. ಶೌಚಾಲಯಕ್ಕೆ ಬೀಗ ಇರಲಿಲ್ಲ, ನೀರೂ ಇರಲಿಲ್ಲ.

ಅಲ್ಲಿಂದ ಹೆದ್ದಾರಿ ದಾಟಿ ಕೆಪಿಎಸ್‌ಗೆ ನಡೆದೆವು. ದಾಟಲು ಏಳು ನಿಮಿಷ ಕಾದೆವು, ಅಜ್ಜಿ ಮೊಮ್ಮಗಳ ರಟ್ಟೆ ಬಿಡಲಿಲ್ಲ. ಅಲ್ಲಿ ಕ್ಲಾಸಿಗೊಬ್ಬ ಮೇಡಂ, ಒಂದನೇ ಕ್ಲಾಸಿನಲ್ಲಿ 41 ಮಕ್ಕಳು, ನಲ್ಲಿಯಲ್ಲಿ ನೀರು. ಮಗು ಕಿಟಕಿ ಹಿಡಿದುಕೊಂಡು ಒಳಗೆ ನೋಡುತ್ತಿತ್ತು.

ವಾಪಸು ಬರುವಾಗ ಅಜ್ಜಿಯನ್ನು ಕೇಳಿದೆ, ಏನನ್ನಿಸ್ತು ಅಂತ.

"ಗುರುವಾರ ಇನ್ನೊಂದ್ಸಲ ಹೋಗ್ಬೇಕು," ಅಂದರು. "ಆ ಮೇಡಂ ಅವತ್ತೂ ಹಂಗೇ ಕೂತಿರ್ತಾರಾ ನೋಡ್ಬೇಕು."